ಗೇಮಿನೊಳಗಿನ ಊರಿಗೆ ಹೆಸರಿಡುವುದು ಹೇಗೆ?

ಕುಮಟಾದ ಓದುಗರೊಬ್ಬರ ಪತ್ರ: ಮೂವರು ಗೆಳೆಯರು ಸೇರಿ ವಿಡಿಯೊ ಗೇಮ್ ಮಾಡುತ್ತಿದ್ದೇವೆ. ಅಳಿವೆ, ಘಟ್ಟ, ಕಾಡು ಇರುವ ಕಲ್ಪಿತ ರಾಜ್ಯ, ನಕ್ಷೆಯಲ್ಲಿ 40 ಜಾಗ. ಮೊದಲು ‘ಡ್ರಾಕ್‌ಮೋರ್’, ‘ಝರ್ಗೋಥ್’ ಎಂದೆಲ್ಲ ಹೆಸರಿಟ್ಟೆವು. ಪರಕೀಯ ಅನ್ನಿಸಿತು. ಆಮೇಲೆ ‘ರಕ್ತಪುರ’, ‘ಅಂಧಕಾರಗಿರಿ’ ಎಂದು ಬದಲಿಸಿದೆವು. ಅದೂ ಒಗ್ಗಲಿಲ್ಲ. ದೊಡ್ಡ ಗೇಮ್‌ಗಳಲ್ಲಿ ಊರ ಹೆಸರು ಎಲ್ಲಿಂದ ಬರುತ್ತವೆ? ನಮ್ಮ ಜಿಲ್ಲೆಯ ಹೆಸರುಗಳನ್ನೇ ಬಳಸಬಹುದೇ?

ಸಂಪಾದಕರ ಉತ್ತರ:

ನಿಮ್ಮ ಎರಡೂ ಪಟ್ಟಿ ಸೋತದ್ದು ಒಂದೇ ಕಾರಣಕ್ಕೆ. ಆ ಹೆಸರುಗಳನ್ನು ಇಟ್ಟವರು ಗೇಮ್ ಮಾಡುವವರು, ಆ ರಾಜ್ಯದಲ್ಲಿ ಬದುಕುವವರಲ್ಲ. ತಾನು ಉಂಡು ಮಲಗುವ ಊರನ್ನು ಯಾರೂ ರಕ್ತಪುರ ಎಂದು ಕರೆದುಕೊಳ್ಳುವುದಿಲ್ಲ. ಗದ್ದೆ ಮಾಡಿದವನು, ದೋಣಿ ನಡೆಸುವವನು, ಸುಂಕ ಎತ್ತಲು ಬಂದವನು ಗುರುತಿಗೆಂದು ಹೇಳಿದ ಮಾತು ಊರ ಹೆಸರಾಗುತ್ತದೆ. ಒಳ್ಳೆಯ ಗೇಮ್‌ಗಳು ಇದನ್ನು ಮರೆಯುವುದಿಲ್ಲ.

2011ರ ‘ಸ್ಕೈರಿಮ್’ ನೋಡಿ. ಅಲ್ಲಿ ನಾರ್ಡ್ ಜನರ ಊರುಗಳು ರಿವರ್‌ವುಡ್, ವೈಟ್‌ರನ್, ವಿಂಡ್‌ಹೆಲ್ಮ್. ಹೊಳೆ, ಕಾಡು, ಗಾಳಿ ಅದರಲ್ಲೇ ಇವೆ. ಅದೇ ನೆಲದಡಿಯ ಡ್ವೆಮರ್ ಪಾಳುಗಳಿಗೆ ‘ಮ್ಝಿಂಚಾಲೆಫ್ಟ್’ ಎಂಬಂಥ ನಾಲಿಗೆ ತಿರುಗದ ಹೆಸರು. ಇದನ್ನು ಕಟ್ಟಿದವರು ಬೇರೆ ಜನ, ಅವರು ಈಗಿಲ್ಲ ಎಂಬುದು ಒಳಗೆ ಹೋಗುವ ಮೊದಲೇ ತಿಳಿಯುತ್ತದೆ. ಅದಕ್ಕೂ ಹಿಂದಿನ ‘ಮಾರೋವಿಂಡ್’ನಲ್ಲಿ (2002) ‘ಟೆಲ್’ ಎಂದರೆ ಗೋಪುರ, ‘ಮೋರಾ’ ಎಂದರೆ ಕಾಡು. ಟೆಲ್ ಫಿರ್, ಟೆಲ್ ಬ್ರನೋರಾ ಎಂದು ನಾಲ್ಕಾರು ಸಲ ಕಂಡ ಆಟಗಾರನಿಗೆ ಐದನೆಯ ‘ಟೆಲ್’ ಬಂದಾಗ ಮಾಂತ್ರಿಕನ ಗೋಪುರ ಎಂದು ಯಾರೂ ಹೇಳಬೇಕಿಲ್ಲ. ‘ವಿಚರ್ 3’ (2015) ಪ್ರದೇಶಕ್ಕೊಂದು ನಿಜವಾದ ಭಾಷೆಯನ್ನು ಹಂಚಿದೆ: ನೊವಿಗ್ರಾಡ್ ಸ್ಲಾವಿಕ್ ಮಾತಿನಲ್ಲಿ ‘ಹೊಸ ಪಟ್ಟಣ’, ಸ್ಕೆಲಿಗೆ ಐರ್ಲೆಂಡಿನ ಸ್ಕೆಲಿಗ್ ದ್ವೀಪಗಳ ನೆನಪು, ಟುಸಾಂ ಫ್ರೆಂಚ್. ‘ಗೆನ್‌ಶಿನ್ ಇಂಪ್ಯಾಕ್ಟ್’ನ (2020) ಸುಮೇರು ನಮ್ಮ ಪುರಾಣದ ಮೇರುಪರ್ವತವೇ.

ಹೆಸರು ಮೊದಲು ಹುಟ್ಟಿ, ಕಥೆ ಆಮೇಲೆ ಬರುವುದೂ ಉಂಟು. 1987ರ ಎರಡನೆಯ ‘ಜೆಲ್ಡಾ’ ಗೇಮ್‌ನಲ್ಲಿ ರೌರು, ರುಟೊ, ಸರಿಯಾ, ನಬೂರು, ದಾರುನಿಯಾ ಎಂಬ ಊರುಗಳಿದ್ದವು. 1998ರ ‘ಒಕರಿನಾ ಆಫ್ ಟೈಮ್’ನಲ್ಲಿ ಅದೇ ಹೆಸರಿನ ಋಷಿಗಳು ಬಂದರು, ಊರುಗಳಿಗೆ ಅವರ ಹೆಸರೇ ಬಂತು ಎಂಬ ಕಥೆ ಆಗ ಸಿದ್ಧವಾಯಿತು. ಕಥೆಯೊಂದು ನಕ್ಷೆಯನ್ನು ಹೇಗೆ ಹೊಲಿಯಬಹುದು ಎಂಬುದಕ್ಕೆ ನಿಮ್ಮ ಕರಾವಳಿಗಿಂತ ಒಳ್ಳೆಯ ಪಾಠ ಬೇಡ. ಗೋಕರ್ಣದ ಆತ್ಮಲಿಂಗದ ಪೆಟ್ಟಿಗೆ ಸಜ್ಜೇಶ್ವರದಲ್ಲಿ, ಮುಚ್ಚಳ ಗುಣವಂತೆಯಲ್ಲಿ, ದಾರ ಧಾರೇಶ್ವರದಲ್ಲಿ, ಬಟ್ಟೆ ಮುರುಡೇಶ್ವರದಲ್ಲಿ ಬಿತ್ತು ಎನ್ನುತ್ತದೆ ಸ್ಥಳಪುರಾಣ. ಒಂದೇ ಘಟನೆ, ಕಾರವಾರದಿಂದ ಭಟ್ಕಳ ತಾಲ್ಲೂಕಿನವರೆಗೆ ಐದು ಕ್ಷೇತ್ರ.

ಈಗ ನಿಮ್ಮ ಕೆಲಸ. ಹೆಸರು ಬರೆಯುವ ಮೊದಲು ಬಾಲಪದಗಳ, ಅಂದರೆ ಊರ ಹೆಸರಿನ ಕೊನೆಗೆ ಸೇರುವ ಪದಗಳ ಪಟ್ಟಿ ಮಾಡಿಕೊಳ್ಳಿ, 12 ಸಾಕು. ಬೈಲು ಎಂದರೆ ತಗ್ಗಿನ ಸಮತಟ್ಟು ಗದ್ದೆ, ಮಕ್ಕಿ ಮಳೆಯನ್ನೇ ನಂಬಿದ ಎತ್ತರದ ಗದ್ದೆ, ಗಜನಿ ಉಪ್ಪುನೀರು ಹೊಗುವ ಅಳಿವೆಯ ಗದ್ದೆ, ಕಾನು ನಿತ್ಯಹಸಿರಿನ ದಟ್ಟ ಕಾಡು, ಹಕ್ಕಲು ಸಾಗುವಳಿ ಬಿಟ್ಟು ಗಿಡ ಎದ್ದ ನೆಲ. ಕೇರಿ, ಕೊಪ್ಪ, ಘಟ್ಟ, ಗುಂಡಿ, ವಾಡ ಹೇಗೂ ಇವೆ. ಒಂದೊಂದು ಬಾಲಪದವನ್ನೂ ನಕ್ಷೆಯ ಒಂದೇ ಬಗೆಯ ನೆಲಕ್ಕೆ ಕಟ್ಟಿಹಾಕಿ. ಗಜನಿ ಎಂಬ ಹೆಸರು ಘಟ್ಟದ ಮೇಲೆ ಕಂಡರೆ ಎಲ್ಲ ಕೆಟ್ಟಿತು. ಹಕ್ಕಲು ಎಂದಲ್ಲಿ ಆಟಗಾರನಿಗೆ ಹಳೆಯ ಮನೆಯ ಅಡಿಪಾಯವೋ ಬಾವಿಯೋ ಸಿಗಲೇಬೇಕು. ಹೆಸರು ಕೊಟ್ಟ ಮಾತನ್ನು ನೆಲ ಉಳಿಸಿಕೊಳ್ಳಬೇಕು. ಇಷ್ಟು ಮಾಡಿದರೆ ಅರ್ಧ ಕೆಲಸ ಮುಗಿಯಿತು.

ಬಾಲಪದದ ಮುಂದೆ ಮರ, ಪ್ರಾಣಿ, ಬಣ್ಣ, ಕಸುಬು ಸೇರಿಸಿ. ಶಿರಸಿ ಕಡೆಯ ಮತ್ತಿಘಟ್ಟ, ಜೋಗದ ಹತ್ತಿರದ ಮಾವಿನಗುಂಡಿ ಆದದ್ದು ಹೀಗೆ. 40ರಲ್ಲಿ 25 ಇಂಥ ಸಾದಾ ಹೆಸರಿರಲಿ. 8 ಹೆಸರು ದೇವರಿಗೆ, ಅರಸರಿಗೆ. ಕೋಟೆಗಳಿಗೆ ಇದು ಒಪ್ಪುತ್ತದೆ. ಸದಾಶಿವಗಡಕ್ಕೆ ಸೋದೆಯ ಅರಸ ತನ್ನ ತಂದೆಯ ಹೆಸರಿಟ್ಟ. ಉಳಿದ 7 ಹೆಸರುಗಳ ಅರ್ಥ ಆ ರಾಜ್ಯದವರಿಗೇ ಮರೆತುಹೋಗಿರಲಿ. ಅವನ್ನು ನದಿಗಳಿಗೂ ಅತಿ ಹಳೆಯ ಗುಡ್ಡಗಳಿಗೂ ಕೊಡಿ. ಜನ ಬದಲಾದರೂ ನದಿಯ ಹೆಸರು ಸುಲಭಕ್ಕೆ ಬದಲಾಗುವುದಿಲ್ಲ.

ಮುಂದಿನದು ಸವೆತ. ಹೊಸಬರು ಬಿಟ್ಟುಬಿಡುವ ಹೆಜ್ಜೆ ಇದು, ನನಗೆ ಅತಿ ಪ್ರಿಯವಾದದ್ದೂ ಇದೇ. ಹಳಗನ್ನಡದ ಪಕಾರ ನಡುಗನ್ನಡದಲ್ಲಿ ಹಕಾರವಾಯಿತು, ಆಡುಮಾತಿನಲ್ಲಿ ಆ ಹಕಾರವೂ ಉದುರಿತು. ಹಾಗಾಗಿ ಒಂದೇ ಊರು ಪಾಳುಗುಡಿಯ ಶಾಸನದಲ್ಲಿ ‘ಪುಲಿಯಪಳ್ಳಿ’, ಸುಂಕದ ಕಡತದಲ್ಲಿ ‘ಹುಲಿಯಹಳ್ಳಿ’, ದೋಣಿಯವನ ಬಾಯಲ್ಲಿ ‘ಹುಲ್ಯಳ್ಳಿ’ ಆಗಬಹುದು. ಹಡಗಿನ ವ್ಯಾಪಾರಿ ‘ಉಲಿಯಾಲಿ’ ಎನ್ನಲಿ. ಪೋರ್ಚುಗೀಸರು ಹೊನ್ನಾವರವನ್ನು ‘ಓನೋರ್’ ಎಂದದ್ದು ಹಾಗೆಯೇ. ಈ ನಾಲ್ಕೂ ಒಂದೇ ಊರು ಎಂದು ಆಟಗಾರ ತಾನೇ ಕಂಡುಕೊಳ್ಳುವಂತೆ ಒಂದು ಕ್ವೆಸ್ಟ್ (ಆಟದೊಳಗಿನ ಹುಡುಕಾಟದ ಕೆಲಸ) ಕಟ್ಟಿ. ದೊಡ್ಡ ಪಟ್ಟಣ ಪಕ್ಕದ ಹಳ್ಳಿಯ ಹೆಸರನ್ನು ಹೊತ್ತಿರಬಹುದು: ಕಾರವಾರದ ಹೆಸರು ಕಡವಾಡದಿಂದ ಬಂತೆಂಬುದು ಪ್ರಚಲಿತ ವಿವರಣೆ.

ಎಲ್ಲಿ ಎಡವುತ್ತೀರಿ ಎಂಬುದನ್ನೂ ಹೇಳಬೇಕು. ಮತ್ತಿಗದ್ದೆ, ಮತ್ತಿಘಟ್ಟ ಒಂದೇ ಕ್ವೆಸ್ಟ್‌ನಲ್ಲಿ ಬಂದರೆ ಆಟಗಾರ ದಾರಿ ತಪ್ಪುತ್ತಾನೆ. ಅಕ್ಕಪಕ್ಕದ ಜಾಗಗಳ ಮೊದಲ ಅಕ್ಷರ ಬೇರೆಯಿರಲಿ. ಕಂಪ್ಯೂಟರಿನಿಂದ ಹೆಸರು ಹುಟ್ಟಿಸುವುದಾದರೆ ಯುನಿಕೋಡ್ ಸಂಕೇತಗಳನ್ನು ತುಂಡರಿಸಬೇಡಿ. ‘ಹಳ್ಳಿ’ ನಮಗೆ 2 ಅಕ್ಷರ, ಕಂಪ್ಯೂಟರಿಗೆ 5 ಸಂಕೇತ. ನಡುವೆ ಕತ್ತರಿಸಿದರೆ ಒಂಟಿ ಕೊಂಬು, ಗುಡಿಸು ಉಳಿಯುತ್ತವೆ. ಇಡೀ ಪದವನ್ನೇ ಜೋಡಿಸುವುದು ಕ್ಷೇಮ. ಗೇಮ್ ಕಟ್ಟುವ ತಂತ್ರಾಂಶ ಯುನಿಟಿಯಲ್ಲಿ ಅಕ್ಷರ ತೋರಿಸುವ ಟೆಕ್ಸ್ಟ್‌ಮೆಶ್ ಪ್ರೊ ನಮ್ಮ ಒತ್ತಕ್ಷರಗಳನ್ನು ತಾನಾಗಿ ಕೂಡಿಸುವುದಿಲ್ಲ. ಅಂಥದೇ ಇನ್ನೊಂದು ತಂತ್ರಾಂಶ ಗೊಡಾಟ್ 4, ಅಕ್ಷರ ಕೂಡಿಸುವ ಹಾರ್ಫ್‌ಬಝ್ ಬಳಸುವುದರಿಂದ ಸರಿಯಾಗಿ ತೋರಿಸುತ್ತದೆ. ಯುನಿಟಿಯಲ್ಲೇ ಇದ್ದೀರಾದರೆ ನಕ್ಷೆಯ 40 ಹೆಸರನ್ನು ಚಿತ್ರವಾಗಿ ಮಾಡಿ ಅಂಟಿಸಿಬಿಡಿ.

ಇನ್ನು ಜಿಲ್ಲೆಯ ಹೆಸರುಗಳನ್ನೇ ಬಳಸಬಹುದೇ ಎಂಬ ಪ್ರಶ್ನೆ. ಬಾಲಪದ, ಸವೆತದ ರೀತಿ ಎಲ್ಲವನ್ನೂ ಧಾರಾಳವಾಗಿ ತೆಗೆದುಕೊಳ್ಳಿ. ಇಡೀ ಹೆಸರನ್ನು ಬೇಡ. ಜನ ಬಾಳುವ ಊರಿನ, ಪೂಜೆ ನಡೆಯುವ ಕ್ಷೇತ್ರದ ಹೆಸರು ರಾಕ್ಷಸನ ಬಿಡಾರಕ್ಕೆ ಬಿದ್ದರೆ ಅಲ್ಲಿಯವರಿಗೆ ನೋವಾಗುತ್ತದೆ, ಆ ನೋವು ನ್ಯಾಯವಾದದ್ದು. ನಿಮ್ಮ 40 ಹೆಸರನ್ನು ಜನಗಣತಿಯ ಗ್ರಾಮಪಟ್ಟಿಯೊಡನೆ ಹೋಲಿಸಿ. ಹೊಂದಿದ್ದು ಸಿಕ್ಕರೆ ಮರವನ್ನೋ ಬಾಲಪದವನ್ನೋ ಬದಲಿಸಿ. ಪಟ್ಟಿಯಲ್ಲಿಲ್ಲದ ಕೇರಿ, ಮಜರೆಗಳಿಗಾಗಿ ಹಿರಿಯರೊಬ್ಬರಿಗೆ ಓದಿ ಹೇಳಿ.