ಡಿಸೋಸಿಯೇಟಿವ್ ಕಾಯಿಲೆಗಳು ನಿಜಕ್ಕೂ ಅಷ್ಟು ಅಪರೂಪವೇ? ಅವು ಯಾಕೆ ಬರುತ್ತವೆ?

ನಿಮ್ಮ ತಂಗಿ ಎರಡು ವರ್ಷಗಳಿಂದ ಆಗಾಗ ಕೈಕಾಲು ಸೆಟೆದು ಬೀಳುತ್ತಾಳೆ, ಸ್ಕ್ಯಾನ್ ಮತ್ತು ಇಇಜಿ (ಮಿದುಳಿನ ವಿದ್ಯುತ್ ಚಟುವಟಿಕೆಯ ಪರೀಕ್ಷೆ) ಎರಡರಲ್ಲೂ ದೋಷ ಕಂಡಿಲ್ಲ, ಕೊನೆಗೆ ವೈದ್ಯರು ಚೀಟಿಯಲ್ಲಿ ‘ಡಿಸೋಸಿಯೇಟಿವ್ ಡಿಸಾರ್ಡರ್’ ಎಂದು ಬರೆದುಕೊಟ್ಟಿದ್ದಾರೆ ಎಂದು ತಿಳಿಸಿದ್ದೀರಿ. ಇದು ಲಕ್ಷಕ್ಕೊಬ್ಬರಿಗೆ ಬರುವ ಕಾಯಿಲೆಯೇ, ಯಾಕೆ ಬರುತ್ತದೆ, ಇದರಲ್ಲಿ ಮನೆಯವರ ತಪ್ಪೇನಾದರೂ ಇದೆಯೇ ಎಂದು ಕೇಳಿದ್ದೀರಿ. ನಾನು ವೈದ್ಯೆಯಲ್ಲ. ಜಿಲ್ಲಾ ಆಸ್ಪತ್ರೆಯೊಂದರ ಮಾನಸಿಕ ಆರೋಗ್ಯ ವಿಭಾಗದಲ್ಲಿ ಮನೋವೈದ್ಯಕೀಯ ಸಮಾಜ ಕಾರ್ಯಕರ್ತೆಯಾಗಿ 18 ವರ್ಷ ಕೆಲಸ ಮಾಡಿದ್ದೇನೆ. ನಿಮ್ಮ ತಂಗಿಯಂಥ ಹೆಣ್ಣುಮಕ್ಕಳನ್ನು ವಾರಕ್ಕೊಬ್ಬರಾದರೂ ಕಂಡಿದ್ದೇನೆ. ಆದ್ದರಿಂದ ಮೊದಲ ಪ್ರಶ್ನೆಗೆ ನೇರವಾಗಿ ಹೇಳಿಬಿಡುತ್ತೇನೆ: ಇದು ಅಪರೂಪದ ಕಾಯಿಲೆಯಲ್ಲ. ಇದನ್ನು ಸರಿಯಾಗಿ ಗುರುತಿಸುವುದು ಅಪರೂಪ.

ಡಿಸೋಸಿಯೇಶನ್ ಎಂದರೆ, ಸಾಮಾನ್ಯವಾಗಿ ಒಟ್ಟಿಗೆ ಹೆಣೆದುಕೊಂಡಿರುವ ನೆನಪು, ಭಾವನೆ, ದೇಹದ ಸಂವೇದನೆ, ಚಲನೆ ಮತ್ತು ‘ನಾನು’ ಎಂಬ ಅರಿವು ತಾತ್ಕಾಲಿಕವಾಗಿ ಒಂದರಿಂದೊಂದು ಬಿಡಿಸಿಕೊಳ್ಳುವುದು. ಬಸ್ಸಿನ ಕಿಟಕಿಯ ಪಕ್ಕ ಕುಳಿತು ಯೋಚನೆಯಲ್ಲಿ ಮುಳುಗಿದವರಿಗೆ ನಡುವಿನ ಎರಡು ಊರು ದಾಟಿದ್ದೇ ಗೊತ್ತಾಗದಿರುವುದು ಇದರ ತೀರಾ ಸೌಮ್ಯವಾದ ರೂಪ, ಅದು ಯಾರಿಗೂ ಆಗಬಹುದು. ಆದರೆ ಆ ಬಿಡಿಸಿಕೊಳ್ಳುವಿಕೆ ಪದೇಪದೇ ತನ್ನಷ್ಟಕ್ಕೆ ಆಗತೊಡಗಿ, ಓದು, ಕೆಲಸ, ಸಂಸಾರಗಳಿಗೆ ಅಡ್ಡಿಯಾದಾಗ ಅದನ್ನು ಕಾಯಿಲೆ ಎನ್ನುತ್ತೇವೆ. ಒಬ್ಬರಲ್ಲಿ ಅದು ಬದುಕಿನ ಒಂದು ಅವಧಿಯ ನೆನಪೇ ಅಳಿಸಿದಂತೆ ಕಾಣಿಸಿಕೊಂಡರೆ, ಇನ್ನೊಬ್ಬರಿಗೆ ತಾನು ತನ್ನ ದೇಹದ ಹೊರಗೆ ನಿಂತು ತನ್ನನ್ನೇ ನೋಡುತ್ತಿರುವಂತೆ, ಸುತ್ತಲಿನ ಲೋಕ ಗಾಜಿನ ಆಚೆಗಿರುವಂತೆ ಅನ್ನಿಸುತ್ತದೆ. ಮತ್ತೊಬ್ಬರಿಗೆ ಮಾತು ನಿಲ್ಲುತ್ತದೆ, ಕಾಲು ಸ್ವಾಧೀನ ತಪ್ಪುತ್ತದೆ ಅಥವಾ ನಿಮ್ಮ ತಂಗಿಗೆ ಆಗುವಂತೆ ಫಿಟ್ಸ್ ಹೋಲುವ ಸೆಳೆತ ಬರುತ್ತದೆ.

ಎಷ್ಟು ಜನರಿಗೆ ಇದೆ ಎಂಬ ಪ್ರಶ್ನೆಗೆ ಒಂದೇ ಅಂಕಿಯ ಉತ್ತರ ಸಿಗುವುದಿಲ್ಲ, ಏಕೆಂದರೆ ಏನನ್ನು ಎಣಿಸುತ್ತೇವೆ ಎಂಬುದೇ ದೇಶದಿಂದ ದೇಶಕ್ಕೆ ಬೇರೆಯಾಗಿದೆ. ನಮ್ಮ ಆಸ್ಪತ್ರೆಗಳು ಬಹುಕಾಲದಿಂದ ಅನುಸರಿಸಿರುವ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ಇಂಥ ಸೆಳೆತ, ಲಕ್ವದಂಥ ನಿಶ್ಶಕ್ತಿ, ಮಾತು ನಿಲ್ಲುವುದು ಎಲ್ಲವೂ ಡಿಸೋಸಿಯೇಟಿವ್ ಗುಂಪಿಗೆ ಸೇರುತ್ತವೆ. ಅಮೆರಿಕದ ವರ್ಗೀಕರಣದಲ್ಲಿ 1980ರಿಂದ ಅವುಗಳನ್ನು ಬೇರೆ ಅಧ್ಯಾಯದಲ್ಲಿ ಇಟ್ಟಿದ್ದಾರೆ. ಹೀಗಾಗಿ ಎರಡು ದೇಶಗಳ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ತೂಗಿದರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ.

ಈ ಎಚ್ಚರಿಕೆಯೊಂದಿಗೆ ಕೆಲವು ಅಂಕಿಗಳನ್ನು ನೋಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1999ರಿಂದ 2008ರವರೆಗಿನ ದಾಖಲೆಗಳನ್ನು ಪರಿಶೀಲಿಸಿದಾಗ ಆ ಹತ್ತು ವರ್ಷಗಳಲ್ಲಿ 893 ಮಂದಿಗೆ ಈ ರೋಗನಿರ್ಣಯ ಆಗಿತ್ತು. ಹೊರರೋಗಿಗಳಲ್ಲಿ ಅದರ ಪ್ರಮಾಣ ಸಾವಿರಕ್ಕೆ 1.5ರಿಂದ 15ರ ನಡುವೆ ಇತ್ತು. ಅವರಲ್ಲಿ ಹೆಚ್ಚಿನವರಿಗೆ ಇದ್ದದ್ದು ಕೈಕಾಲುಗಳ ಚಲನೆಯ ತೊಂದರೆ, ಅದರ ನಂತರದ ಸ್ಥಾನ ಸೆಳೆತದ್ದು. ಮನೆ ಬಿಟ್ಟು ಗೊತ್ತುಗುರಿಯಿಲ್ಲದೆ ಅಲೆಯುವ ಒಂದು ಬಗೆಯನ್ನು ಬಿಟ್ಟರೆ ಉಳಿದೆಲ್ಲ ಬಗೆಗಳಲ್ಲಿಯೂ ಹೆಂಗಸರೇ ಹೆಚ್ಚು. ಇದು ಆಸ್ಪತ್ರೆಯ ಬಾಗಿಲಿಗೆ ಬಂದವರ ಲೆಕ್ಕ ಮಾತ್ರ. ಅಮೆರಿಕದಲ್ಲಿ ಜನಸಾಮಾನ್ಯರ ನಡುವೆ ನಡೆದ ಸಣ್ಣ ಅಧ್ಯಯನವೊಂದರಲ್ಲಿ ಒಂದು ವರ್ಷದ ಅವಧಿಯಲ್ಲಿ ಶೇ. 1.8 ಮಂದಿಗೆ ನೆನಪು ಅಳಿಸುವ ಬಗೆ, ಶೇ. 1.5 ಮಂದಿಗೆ ಬಹುವ್ಯಕ್ತಿತ್ವದ ಬಗೆ ಕಂಡುಬಂದಿತ್ತು. ತನ್ನಿಂದ ತಾನೇ ದೂರವಾದಂತೆ ಅನ್ನಿಸುವ ಕಾಯಿಲೆ ಜೀವಮಾನದಲ್ಲಿ ಸುಮಾರು ಶೇ. 2 ಮಂದಿಯನ್ನು ಕಾಡುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಟರ್ಕಿಯ ಸಿವಾಸ್ ನಗರದಲ್ಲಿ ಮನೆಮನೆಗೆ ಹೋಗಿ ಮಹಿಳೆಯರನ್ನು ವಿವರವಾಗಿ ಸಂದರ್ಶಿಸಿದವರು, ಅವರಲ್ಲಿ ಶೇ. 18.3 ಮಂದಿಗೆ ಬದುಕಿನ ಯಾವುದೋ ಹಂತದಲ್ಲಿ ಯಾವುದಾದರೊಂದು ಡಿಸೋಸಿಯೇಟಿವ್ ಕಾಯಿಲೆ ಇತ್ತೆಂದು 2007ರಲ್ಲಿ ವರದಿ ಮಾಡಿದರು.

ಸಾವಿರಕ್ಕೆ 15 ಎಲ್ಲಿ, ನೂರಕ್ಕೆ 18 ಎಲ್ಲಿ ಎಂದು ನಿಮಗೆ ಅನ್ನಿಸಬಹುದು. ಒಂದು ಆಸ್ಪತ್ರೆಯ ದಾಖಲೆ, ಇನ್ನೊಂದು ಮನೆಬಾಗಿಲ ಸಮೀಕ್ಷೆ. ಒಂದರಲ್ಲಿ ವೈದ್ಯರು ಮುಖ್ಯ ಕಾಯಿಲೆ ಎಂದು ಬರೆದದ್ದನ್ನಷ್ಟೇ ಎಣಿಸಿದ್ದಾರೆ, ಇನ್ನೊಂದರಲ್ಲಿ ಇದನ್ನೇ ಹುಡುಕಲೆಂದು ರೂಪಿಸಿದ ಪ್ರಶ್ನೆಗಳನ್ನು ಕೇಳಿದ್ದಾರೆ. ಮಾನಸಿಕ ಆರೋಗ್ಯದ ದೊಡ್ಡ ಸಮೀಕ್ಷೆಗಳಲ್ಲಿ ಖಿನ್ನತೆ, ಆತಂಕ, ಮದ್ಯವ್ಯಸನಗಳ ಬಗ್ಗೆ ವಿವರವಾಗಿ ಕೇಳುತ್ತಾರೆ, ಡಿಸೋಸಿಯೇಶನ್ ಬಗ್ಗೆ ಬಹುಪಾಲು ಕೇಳುವುದೇ ಇಲ್ಲ. ಕೇಳದೆ ಇದ್ದದ್ದು ಲೆಕ್ಕಕ್ಕೂ ಬರುವುದಿಲ್ಲ.

ನಮ್ಮ ಭಾಗದಲ್ಲಿ ಲೆಕ್ಕ ತಪ್ಪುವುದಕ್ಕೆ ಇನ್ನೂ ಒಂದು ಕಾರಣವಿದೆ. ಸೆಳೆತ ಬಂದ ಕೂಡಲೇ ಕೈಗೆ ಕಬ್ಬಿಣದ ಬೀಗದಕೈ ಕೊಡುತ್ತಾರೆ, ಮೂಗಿಗೆ ಈರುಳ್ಳಿ ಹಿಡಿಯುತ್ತಾರೆ. ಎರಡನೆಯ ಸಲ ಬಂದರೆ ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತಾರೆ. ಮೂರನೆಯ ಸಲ ಬಂದಾಗ ಆಸ್ಪತ್ರೆಗೆ ಕರೆತಂದರೆ ಮೂರ್ಛೆರೋಗದ ಗುಳಿಗೆ ಶುರುವಾಗುತ್ತದೆ. ಐದು ವರ್ಷ ಆ ಗುಳಿಗೆಯನ್ನು ನುಂಗಿ, ಗುಣ ಕಾಣದೆ, ಪ್ರತಿಸಲವೂ ಪ್ರಮಾಣ ಹೆಚ್ಚಿಸಿಕೊಂಡು ನಮ್ಮ ವಿಭಾಗಕ್ಕೆ ಬಂದ ಯುವತಿಯೊಬ್ಬಳನ್ನು ನಾನು ಮರೆತಿಲ್ಲ. ಮೂರ್ಛೆರೋಗದ ಸೆಳೆತ, ಡಿಸೋಸಿಯೇಟಿವ್ ಸೆಳೆತ ಇವೆರಡನ್ನು ಖಚಿತವಾಗಿ ಬೇರ್ಪಡಿಸಲು ಅತ್ಯಂತ ನಂಬಲರ್ಹವಾದದ್ದು ವಿಡಿಯೋ ಇಇಜಿ, ಅಂದರೆ ಸೆಳೆತ ಬರುವ ಹೊತ್ತಿನಲ್ಲಿಯೇ ಚಿತ್ರವನ್ನೂ ಮಿದುಳಿನ ವಿದ್ಯುತ್ ಚಟುವಟಿಕೆಯನ್ನೂ ಒಟ್ಟಿಗೆ ದಾಖಲಿಸುವುದು. ಆ ಸೌಲಭ್ಯ ಎಲ್ಲ ಊರುಗಳಲ್ಲಿಯೂ ಇಲ್ಲ. ಸೆಳೆತವಿಲ್ಲದ ಹೊತ್ತಿನಲ್ಲಿ ತೆಗೆದ ಮಾಮೂಲಿ ಇಇಜಿ ಸರಿಯಿದ್ದ ಮಾತ್ರಕ್ಕೆ ಮೂರ್ಛೆರೋಗ ಇಲ್ಲವೆಂದು ಹೇಳಲು ಬರುವುದಿಲ್ಲ, ಕೆಲವರಲ್ಲಿ ಎರಡೂ ಇರುತ್ತವೆ. ಆದ್ದರಿಂದ ನಿಮ್ಮ ತಂಗಿ ಯಾವುದಾದರೂ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ಅದನ್ನು ನಿಲ್ಲಿಸಬೇಡಿ.

ಬಹುವ್ಯಕ್ತಿತ್ವದ ಬಗ್ಗೆಯೂ ಕೇಳಿದ್ದೀರಿ. ಡಿಸೋಸಿಯೇಟಿವ್ ಎಂಬ ಮಾತು ಕೇಳಿದವರ ಕಣ್ಣ ಮುಂದೆ ಮೊದಲು ಬರುವುದು ಸಿನಿಮಾದ ನಾಯಕಿ ಇದ್ದಕ್ಕಿದ್ದಂತೆ ಬೇರೊಬ್ಬಳಾಗುವ ದೃಶ್ಯ. ವಾಸ್ತವದಲ್ಲಿ ಅದು ಈ ಗುಂಪಿನ ಒಂದು ಬಗೆ ಮಾತ್ರ, ನಿಮ್ಮ ತಂಗಿಗೆ ಅದು ಇದೆ ಎಂದು ಚೀಟಿ ಹೇಳುತ್ತಿಲ್ಲ. ಭಾರತದಲ್ಲಿ ಬಹುವ್ಯಕ್ತಿತ್ವದ ವರದಿಗಳು ತೀರಾ ಕಡಿಮೆ. 1989ರಲ್ಲಿ ಆದಿತ್ಯಂಜೀ ಮತ್ತು ಸಂಗಡಿಗರು ಅಂಥ ಕೆಲವು ಪ್ರಕರಣಗಳನ್ನು ಅಮೆರಿಕದ ಮನೋವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದಾಗ ಅದೇ ಒಂದು ವಿಶೇಷ ಸಂಗತಿಯಾಗಿತ್ತು. ನಮ್ಮಲ್ಲಿ ಅದೇ ಸಂಕಟ ಬೇರೆ ಭಾಷೆಯಲ್ಲಿ ಮಾತನಾಡುತ್ತದೆ: ಸತ್ತ ಅತ್ತೆ ಮೈಮೇಲೆ ಬಂದಳು, ದೆವ್ವ ಮೆಟ್ಟಿಕೊಂಡಿತು ಎಂದು. ಅಮೆರಿಕದ ಮನೋರೋಗ ವರ್ಗೀಕರಣದ 2013ರ ಕೈಪಿಡಿ, ಕೆಲವು ಸಂಸ್ಕೃತಿಗಳಲ್ಲಿ ಈ ಅನುಭವವನ್ನು ಮೈದುಂಬುವಿಕೆ ಎಂದು ಹೇಳಬಹುದೆಂದು ಬಹುವ್ಯಕ್ತಿತ್ವದ ಲಕ್ಷಣದಲ್ಲಿಯೇ ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ ಹೊಸ ವರ್ಗೀಕರಣದಲ್ಲಿ ಅದಕ್ಕೆ ಪ್ರತ್ಯೇಕ ಹೆಸರಿದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಕೋಲದಲ್ಲಿ ದೈವದ ಪಾತ್ರಿಗೆ ದರ್ಶನ ಬರುವುದು, ಜಾತ್ರೆಯಲ್ಲಿ ದೇವರು ಮೈದುಂಬುವುದು ಕಾಯಿಲೆಯಲ್ಲ. ಅದಕ್ಕೆ ಸಮುದಾಯದ ಒಪ್ಪಿಗೆಯಿದೆ, ಹೊತ್ತುಗೊತ್ತಿದೆ, ಮುಗಿದ ಮೇಲೆ ಆ ಮನುಷ್ಯ ತನ್ನ ಕೆಲಸಕ್ಕೆ ಮರಳುತ್ತಾನೆ. ಬೇಡವೆಂದರೂ ಬರುವ, ಹೊತ್ತಲ್ಲದ ಹೊತ್ತಿನಲ್ಲಿ ಬರುವ, ಬದುಕನ್ನು ಹಾಳುಗೆಡವುವ ಮೈದುಂಬುವಿಕೆಗೆ ಮಾತ್ರ ವೈದ್ಯಶಾಸ್ತ್ರ ಕಾಯಿಲೆ ಎನ್ನುತ್ತದೆ.

ಇನ್ನು ಕಾರಣ. ತಾಳಲಾಗದ ಅನುಭವ ಎದುರಾದಾಗ ಮನಸ್ಸಿನ ಭಾಗಗಳನ್ನು ಒಂದಾಗಿ ಹಿಡಿದಿಡುವ ಶಕ್ತಿ ಕುಸಿಯುತ್ತದೆ ಎಂದು ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಪಿಯರ್ ಜಾನೆ 1889ರಲ್ಲಿಯೇ ವಾದಿಸಿದ್ದರು. ಆ ವಿಚಾರ ಬಹುಕಾಲ ಮೂಲೆಗೆ ಬಿದ್ದು, ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮತ್ತೆ ಬೆಳಕಿಗೆ ಬಂತು. ಓಡಿಹೋಗಲೂ ಆಗದ, ಎದುರಿಸಲೂ ಆಗದ ಸ್ಥಿತಿಯಲ್ಲಿ, ವಿಶೇಷವಾಗಿ ಚಿಕ್ಕ ಮಗುವಾಗಿದ್ದಾಗ, ಮನಸ್ಸಿಗೆ ಉಳಿದಿರುವ ಒಂದೇ ದಾರಿ ಅಲ್ಲಿಂದ ತಾನು ‘ಇಲ್ಲವಾಗುವುದು’. ದೇಹ ಅಲ್ಲಿಯೇ ಇರುತ್ತದೆ, ಅರಿವು ಹಿಂದೆ ಸರಿಯುತ್ತದೆ. ಆ ಕ್ಷಣಕ್ಕೆ ಅದು ರಕ್ಷಣೆ. ಪದೇಪದೇ ಬಳಸಿದ ಆ ದಾರಿ ಮುಂದೆ ಅಪಾಯವಿಲ್ಲದ ಸಣ್ಣ ಒತ್ತಡಕ್ಕೂ ತಾನಾಗಿಯೇ ತೆರೆದುಕೊಳ್ಳುತ್ತದೆ. ಅಮೆರಿಕ, ಕೆನಡಾ, ಯೂರೋಪುಗಳಲ್ಲಿ ಬಹುವ್ಯಕ್ತಿತ್ವದ ರೋಗನಿರ್ಣಯವಾದವರಲ್ಲಿ ಸುಮಾರು ಶೇ. 90 ಮಂದಿ ಬಾಲ್ಯದಲ್ಲಿ ದೌರ್ಜನ್ಯ ಅಥವಾ ನಿರ್ಲಕ್ಷ್ಯ ಅನುಭವಿಸಿದ್ದಾಗಿ ಹೇಳಿದ್ದಾರೆ. ನಮ್ಮಲ್ಲಿ ಅಂಥ ಬಾಲ್ಯ ಇಲ್ಲವೆಂದು ಯಾರೂ ಭಾವಿಸಬಾರದು. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿದ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡಿದ್ದರು.

ಆದರೆ ಕಾರಣವನ್ನು ಲೈಂಗಿಕ ದೌರ್ಜನ್ಯವೊಂದಕ್ಕೇ ಕಟ್ಟಿಹಾಕುವುದು ತಪ್ಪು. ಅಮೆರಿಕದ ಮಿನ್ನೆಸೋಟದಲ್ಲಿ ಮಕ್ಕಳನ್ನು ಹುಟ್ಟಿನಿಂದ 19ನೆಯ ವಯಸ್ಸಿನವರೆಗೆ ಗಮನಿಸುತ್ತ ಬಂದು 1997ರಲ್ಲಿ ಫಲಿತಾಂಶ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮಗು ಅತ್ತಾಗ ಮನಸ್ಸಿನಿಂದ ಸ್ಪಂದಿಸದ ಪೋಷಕರು ಮತ್ತು ಅವರೊಡನೆ ಭಯ, ಗೊಂದಲ ಬೆರೆತ ಬಾಂಧವ್ಯ ಇವೂ ಮುಂದಿನ ಡಿಸೋಸಿಯೇಶನ್ನಿನ ಬಲವಾದ ಮುನ್ಸೂಚನೆಗಳಾಗಿ ಕಂಡವು. ಹೊಡೆತ ತಿಂದ ಮಗುವನ್ನು ಆಮೇಲೆ ತಬ್ಬಿಕೊಂಡು ಕೇಳುವವರು ಇದ್ದರೆ ಅದೇ ಹೊಡೆತದ ಪರಿಣಾಮ ಬೇರೆಯಾಗುತ್ತದೆ ಎಂಬುದು ನನ್ನ ಅನುಭವವೂ ಹೌದು. ತನ್ನಿಂದ ತಾನು ದೂರವಾದಂತೆ ಅನ್ನಿಸುವ ಬಗೆಯಲ್ಲಿ ಬಾಲ್ಯದ ಮಾತಿನ ಹಿಂಸೆ ಮತ್ತು ಅವಮಾನದ ಪಾತ್ರ ದೊಡ್ಡದು. ಕೆಲವು ಹುಡುಗರಲ್ಲಿ ಅದು ಗಾಂಜಾ ಸೇದಿದ ರಾತ್ರಿಯಿಂದ ಅಥವಾ ತೀವ್ರ ಗಾಬರಿಯ ಒಂದು ಗಳಿಗೆಯಿಂದ ಶುರುವಾದದ್ದೂ ಇದೆ. ಮಿದುಳಿನ ಅಧ್ಯಯನಗಳು ಹೇಳುವ ಒಂದು ವಿವರಣೆಯಂತೆ, ಇಂಥ ಹೊತ್ತಿನಲ್ಲಿ ನಿಯಂತ್ರಣ ವಹಿಸುವ ಮುಂಭಾಗವು ಭಾವನೆಯ ಕೇಂದ್ರಗಳನ್ನು ಅತಿಯಾಗಿ ಅದುಮಿಬಿಡುತ್ತದೆ. ನೋವು ಮಂಕಾಗುತ್ತದೆ, ಅದರೊಡನೆ ಉಳಿದ ಭಾವನೆಯೂ ಮಂಕಾಗುತ್ತದೆ.

ತಜ್ಞರೆಲ್ಲ ಇದರಲ್ಲಿ ಒಮ್ಮತಕ್ಕೆ ಬಂದಿಲ್ಲ ಎಂಬುದನ್ನೂ ಮುಚ್ಚಿಡಬಾರದು. ಬಹುವ್ಯಕ್ತಿತ್ವದ ವಿಷಯದಲ್ಲಿ, ಚಿಕಿತ್ಸಕರ ಸೂಚನೆಗಳು, ಮಾಧ್ಯಮಗಳ ಚಿತ್ರಣ ಮತ್ತು ರೋಗಿಯ ಕಲ್ಪನಾಶಕ್ತಿ ಸೇರಿ ಕಾಯಿಲೆಗೆ ರೂಪ ಕೊಡುತ್ತವೆ ಎಂದು ವಾದಿಸುವ ಒಂದು ಪಂಥವಿದೆ. ನನ್ನ ದೃಷ್ಟಿಯಲ್ಲಿ ಆಘಾತದ ಪಾತ್ರವನ್ನು ಅಲ್ಲಗಳೆಯಲು ಆ ವಾದ ಸಾಲದು. ಆದರೆ ಸಂಕಟವು ಯಾವ ವೇಷದಲ್ಲಿ ಹೊರಬರುತ್ತದೆ ಎಂಬುದನ್ನು ಸುತ್ತಲಿನ ಸಮಾಜ ತಿದ್ದುತ್ತದೆ ಎಂಬಷ್ಟರ ಮಟ್ಟಿಗೆ ಅದು ನಿಜ. ಅದರಿಂದ ಒಂದು ಎಚ್ಚರಿಕೆಯೂ ಹುಟ್ಟುತ್ತದೆ: ‘ಚಿಕ್ಕವಳಿದ್ದಾಗ ಯಾರೋ ಏನೋ ಮಾಡಿರಬೇಕು, ನೆನಪಿಸಿಕೋ’ ಎಂದು ನಿಮ್ಮ ತಂಗಿಯನ್ನು ಯಾರೂ ಒತ್ತಾಯಿಸಬಾರದು. ಒತ್ತಾಯದಿಂದ ಬಂದ ನೆನಪು ನಿಜದ್ದೋ ಅಲ್ಲವೋ ಎಂದು ಆಮೇಲೆ ಯಾರಿಗೂ ಹೇಳಲಾಗದು.

ಸೆಳೆತದ ತೊಂದರೆಯೊಂದಿಗೆ ನಾನು ಕಂಡ ಹೆಣ್ಣುಮಕ್ಕಳಲ್ಲಿ ಎಲ್ಲರ ಹಿಂದೆಯೂ ಬಾಲ್ಯದ ಆಘಾತ ಇರಲಿಲ್ಲ. ಹಲವರ ಹಿಂದೆ ಇದ್ದದ್ದು ಆಡಲಾಗದೆ ಉಳಿದ ಒಂದು ಮಾತು. ಐದು ವರ್ಷ ಗುಳಿಗೆ ನುಂಗಿದ ಆ ಯುವತಿಗೆ ಪದವಿಯ ಮೊದಲ ವರ್ಷ ಮುಗಿಯುತ್ತಲೇ ಮದುವೆ ಮಾಡಿದ್ದರು. ಓದಬೇಕು ಎಂಬ ಮಾತನ್ನು ಅವಳು ತವರಿನಲ್ಲೂ ಹೇಳಿರಲಿಲ್ಲ, ಗಂಡನ ಮನೆಯಲ್ಲೂ ಹೇಳಿರಲಿಲ್ಲ. ಮೊದಲ ಎರಡು ಭೇಟಿಗಳಲ್ಲಿ ನಾನೇ ಅತ್ತೆಯ ಎದುರಿಗೇ ‘ಏನಾದರೂ ಟೆನ್ಷನ್ ಇದೆಯೇನಮ್ಮಾ’ ಎಂದು ಕೇಳಿದ್ದೆ, ಅವಳು ‘ಏನೂ ಇಲ್ಲ ಮೇಡಂ’ ಎಂದಿದ್ದಳು. ಅತ್ತೆಯ ಮುಂದೆ ಇನ್ನೇನು ಹೇಳಬೇಕಿತ್ತು? ಮೂರನೆಯ ಸಲ ಒಬ್ಬಳನ್ನೇ ಕೂರಿಸಿಕೊಂಡಾಗ ಅವಳು ಮುಕ್ಕಾಲು ಗಂಟೆ ಮಾತನಾಡಿದಳು. ‘ಬೇಕಂತಲೇ ಮಾಡುತ್ತಾಳೆ’ ಎಂದು ಮನೆಯವರು ಹೇಳುತ್ತಿದ್ದುದು ತನಗೆ ಸೆಳೆತಕ್ಕಿಂತ ಹೆಚ್ಚು ನೋವು ಕೊಡುತ್ತಿತ್ತು ಎಂದಳು. ಅವಳು ಬೇಕೆಂದು ಮಾಡುತ್ತಿರಲಿಲ್ಲ. ಅದು ಇಚ್ಛೆಯ ಹಿಡಿತದಲ್ಲಿ ಇರುವುದಿಲ್ಲ, ನಟನೆಗೂ ಇದಕ್ಕೂ ಇರುವ ವ್ಯತ್ಯಾಸವೇ ಅದು.

ಹಾಗಾದರೆ ಮನೆಯವರ ತಪ್ಪೇ ಎಂಬ ನಿಮ್ಮ ಪ್ರಶ್ನೆಗೆ, ನಿಮ್ಮ ಮನೆಯನ್ನು ಕಾಣದ ನಾನು ಹೌದೆಂದಾಗಲಿ ಇಲ್ಲವೆಂದಾಗಲಿ ಹೇಳಲಾರೆ. ಒಂದೇ ಮನೆಯಲ್ಲಿ ಬೆಳೆದ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಬರುವುದುಂಟು, ಏಕೆಂದರೆ ಹುಟ್ಟುಸ್ವಭಾವ, ಆತಂಕ, ಖಿನ್ನತೆ, ಹಿಂದೆ ಆದ ಘಟನೆ, ಈಗಿನ ಒತ್ತಡ ಎಲ್ಲವೂ ಕೂಡಿ ಕೆಲಸ ಮಾಡುತ್ತವೆ. ಈಗ ಏನು ಮಾಡುತ್ತೀರಿ ಎಂಬುದು ನಿಮ್ಮ ಕೈಯಲ್ಲಿದೆ. ಸೆಳೆತ ಬಂದಾಗ ಪೆಟ್ಟಾಗದಂತೆ ನೋಡಿಕೊಳ್ಳಿ, ಜನ ಮುತ್ತದಂತೆ ತಡೆಯಿರಿ, ಮೆಲುದನಿಯಲ್ಲಿ ‘ನಾನಿದ್ದೇನೆ, ನೀನು ಮನೆಯಲ್ಲೇ ಇದ್ದೀಯ’ ಎನ್ನುತ್ತಿರಿ. ಮೆಣಸಿನಕಾಯಿಯ ಹೊಗೆ, ಬೇವಿನ ಸೊಪ್ಪಿನ ಹೊಡೆತ, ಚಿವುಟಿ ಪರೀಕ್ಷಿಸುವುದು ಇವೆಲ್ಲ ಹಿಂಸೆ. ಈ ಕಾಯಿಲೆಗೆಂದೇ ಇರುವ ಗುಳಿಗೆ ಇಲ್ಲ. ಜೊತೆಗಿರುವ ಖಿನ್ನತೆ ಅಥವಾ ಆತಂಕಕ್ಕೆ ಔಷಧಿ ಕೊಡುತ್ತಾರೆ, ಮುಖ್ಯ ಚಿಕಿತ್ಸೆ ತರಬೇತಿ ಪಡೆದವರೊಡನೆ ನಡೆಸುವ ಮಾತುಕತೆಯದು, ಅದಕ್ಕೆ ತಿಂಗಳುಗಳು ಬೇಕು. ಹತ್ತಿರದಲ್ಲಿ ಯಾರಿದ್ದಾರೆ ಎಂದು ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.

ಮುಂದಿನ ಭೇಟಿಗೆ ಹೋಗುವ ಮೊದಲು ಎರಡು ಕೆಲಸ ಮಾಡಿ. ಒಂದು, ಸೆಳೆತ ಬಂದ ದಿನ, ಹೊತ್ತು, ಅದು ಎಷ್ಟು ನಿಮಿಷ ಇತ್ತು, ಕಣ್ಣು ತೆರೆದಿತ್ತೋ ಮುಚ್ಚಿತ್ತೋ, ಅದಕ್ಕೆ ಮುಂಚೆ ಮನೆಯಲ್ಲಿ ಏನು ನಡೆಯುತ್ತಿತ್ತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ತಂಗಿ ಒಪ್ಪಿದರೆ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ, ವೈದ್ಯರಿಗೆ ಅದರಿಂದ ಬಹಳ ಸಹಾಯವಾಗುತ್ತದೆ. ಇನ್ನೊಂದು, ಅವಳೊಬ್ಬಳೊಡನೆ ಅರ್ಧ ಗಂಟೆ ಮಾತನಾಡಿ ಎಂದು ವೈದ್ಯರನ್ನು ನೀವೇ ಕೇಳಿಕೊಂಡು, ತಾಯಿಯನ್ನೂ ಕರೆದುಕೊಂಡು ಹೊರಗಿನ ಬೆಂಚಿನ ಮೇಲೆ ಕುಳಿತಿರಿ. ಒಳಗೆ ಏನು ಹೇಳಿದೆ ಎಂದು ದಾರಿಯಲ್ಲಿ ಅವಳನ್ನು ಕೇಳಬೇಡಿ.