ಕಂಟೇನರ್ ಬೇಡ, ಜೂನ್‌ನಲ್ಲಿ ಮೆಕ್ಕೆಜೋಳ ಕೊಳ್ಳಿ

ಪತ್ರ: ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತಾಂಜಾನಿಯಾದ ದೊಡೊಮಾದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಯ ಹಳ್ಳಿಯೊಂದರ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಇನ್ನೂರು ಮಕ್ಕಳಿದ್ದಾರಂತೆ. ನಾವು ಹತ್ತು ಮಂದಿ ನಿವೃತ್ತ ಶಿಕ್ಷಕರು ಸೇರಿ ಬಟ್ಟೆ, ಬ್ಯಾಗು, ಪುಸ್ತಕಗಳನ್ನು ಕಂಟೇನರಿನಲ್ಲಿ ಕಳಿಸಬೇಕೆಂದಿದ್ದೇವೆ. ಹೇಗೆ ಮುಂದುವರಿಯಬೇಕು?
— ದಾವಣಗೆರೆಯ ಓದುಗರು

ಮೇಷ್ಟ್ರೇ, ಮೊದಲು ಕಂಟೇನರಿನ ಯೋಚನೆ ಬಿಡಿ. ಅಲ್ಲಿಯ ಸಂತೆಗಳಲ್ಲಿ 'ಮಿತುಂಬಾ' ಎಂಬ ಹಳೆ ಬಟ್ಟೆ ರಾಶಿ ರಾಶಿ ಸಿಗುತ್ತದೆ. ಸಮವಸ್ತ್ರವನ್ನು ಆ ಊರಿನ ದರ್ಜಿಯೇ ಹೊಲಿದರೆ ಅಳತೆಯೂ ಸರಿ, ಅವರಿಗೂ ಒಂದಿಷ್ಟು ಕೆಲಸ. ಪಠ್ಯಪುಸ್ತಕಗಳು ಅಲ್ಲಿಯ ಪಠ್ಯಕ್ರಮದವೇ ಆಗಬೇಕು, ನಮ್ಮವು ಮೂಲೆ ಸೇರುತ್ತವೆ. ದಾರ್ ಎಸ್ ಸಲಾಮ್ ಬಂದರಿನ ಶುಲ್ಕ, ಅಲ್ಲಿಂದ ಸುಮಾರು 450 ಕಿ.ಮೀ. ಲಾರಿ ಬಾಡಿಗೆ ಸೇರಿದರೆ ಬ್ಯಾಗಿಗಿಂತ ಸಾಗಣೆಯೇ ದುಬಾರಿ.

ಅಲ್ಲಿ ಸರ್ಕಾರಿ ಶಾಲೆಯ ಶುಲ್ಕ 2016ರಿಂದ ಫಾರ್ಮ್ 4ರವರೆಗೂ (ಪ್ರೌಢಶಾಲೆಯ ನಾಲ್ಕನೇ ವರ್ಷ) ಇಲ್ಲ. ಮಕ್ಕಳನ್ನು ಶಾಲೆ ಬಿಡಿಸುವುದು ಹಸಿವು. ದೊಡೊಮಾದಲ್ಲಿ ಮಳೆಗಾಲ ಒಂದೇ, ಡಿಸೆಂಬರಿನಿಂದ ಏಪ್ರಿಲ್‌ವರೆಗೆ. ಹೊಸ ಬೆಳೆ ಮೇ-ಜೂನ್‌ಗೆ. ಶಾಲೆ ತೆರೆಯುವುದು ಜನವರಿಯಲ್ಲಿ, ಮನೆಯ ಕಣಜ ತಳ ಕಾಣುವ ಹೊತ್ತಿಗೆ. ಮಧ್ಯಾಹ್ನಕ್ಕೆ ಒಂದು ತಟ್ಟೆ 'ಮಕಾಂಡೆ' (ಮೆಕ್ಕೆಜೋಳ, ಬೀನ್ಸ್ ಕಾಳು ಒಟ್ಟಿಗೆ ಬೇಯಿಸಿದ್ದು) ಸಿಕ್ಕರೆ ಮಕ್ಕಳು ಬರುತ್ತಾರೆ. ಬಿಸಿಯೂಟ ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಲೆಕ್ಕ ಹೀಗೆ ಹಾಕಿ. ಮಗುವಿಗೆ ದಿನಕ್ಕೆ 120 ಗ್ರಾಂ ಮೆಕ್ಕೆಜೋಳ, 35 ಗ್ರಾಂ ಕಾಳು, ಮೇಲೆ ಎಣ್ಣೆ, ಉಪ್ಪು. ವರ್ಷಕ್ಕೆ 194 ಶಾಲಾದಿನ. ಇನ್ನೂರು ಮಕ್ಕಳಿಗೆ ಮೆಕ್ಕೆಜೋಳ ಸುಮಾರು 47 ಕ್ವಿಂಟಲ್, ಕಾಳು 14 ಕ್ವಿಂಟಲ್ ಹತ್ತಿರ. ಪೂರ್ತಿ ನೀವೇ ಕೊಡಬೇಡಿ. ಅಲ್ಲಿ ತಂದೆತಾಯಿ ಧಾನ್ಯವನ್ನು 'ಡೆಬೆ' ಎಂಬ ಇಪ್ಪತ್ತು ಲೀಟರ್ ಡಬ್ಬದಲ್ಲಿ ಅಳೆಯುತ್ತಾರೆ. ಒಂದು ಡೆಬೆ ಮೆಕ್ಕೆಜೋಳ ಸುಮಾರು 18 ಕಿಲೊ. ಮಗುವಿಗೊಂದು ಡೆಬೆ ಮನೆಯವರು ಕೊಟ್ಟರೆ 36 ಕ್ವಿಂಟಲ್ ಆಯಿತು. ಉಳಿದ 11 ಕ್ವಿಂಟಲ್ ಮತ್ತು ಬೀನ್ಸ್ ಕಾಳು ನಿಮ್ಮ ಪಾಲು. ಎಲ್ಲವನ್ನೂ ಹೊರಗಿನವರೇ ಹೊತ್ತುಕೊಂಡ ಕಡೆ ಊರವರ ಕೊಡುವ ರೂಢಿ ಎರಡೇ ವರ್ಷದಲ್ಲಿ ತಪ್ಪಿಹೋಗಬಹುದು, ನೀವು ನಿಲ್ಲಿಸಿದ ದಿನವೇ ಒಲೆಯೂ ಆರುತ್ತದೆ. ಆದರೆ ಮಳೆ ಕೈಕೊಟ್ಟ ವರ್ಷ ಡೆಬೆ ಬರುವುದಿಲ್ಲ, ಅದಕ್ಕಾಗಿ ಪ್ರತಿವರ್ಷ ನಿಮ್ಮ ಹಣದ ಕಾಲು ಭಾಗ ಎತ್ತಿಡಿ.

ಬೆಲೆ ಕೆಳಗಿರುವ ಜೂನ್-ಜುಲೈನಲ್ಲೇ ಕೊಳ್ಳಬೇಕು, ಮುಂದಿನ ಜೂನ್‌ವರೆಗೆ ಕೆಡದಂತೆ ಇಡಬೇಕು. ಕೆಲಸ ಕೆಡುವುದು ಇಲ್ಲೇ. ರಸ್ತೆ ಬದಿಯಲ್ಲಿ ಮೆಕ್ಕೆಜೋಳ ಒಣಗಿಸುವುದನ್ನು ದಿನಾ ನೋಡುವ ನೀವು ಈ ಪರೀಕ್ಷೆ ಮಾಡಿಸಬಲ್ಲಿರಿ: ಚೆನ್ನಾಗಿ ಒಣಗಿದ ಬಾಟಲಿಯ ಮೂರನೇ ಒಂದು ಭಾಗ ಕಾಳು ಹಾಕಿ, ಎರಡು ಚಮಚ ಒಣ ಉಪ್ಪು ಸೇರಿಸಿ ಕುಲುಕಿ, ಹದಿನೈದು ನಿಮಿಷ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ ಶೇ 15ಕ್ಕಿಂತ ಹೆಚ್ಚು, ಇನ್ನೂ ಒಣಗಬೇಕು. ಇದರಲ್ಲಿ ಉದಾಸೀನ ಸಲ್ಲದು. 2016ರಲ್ಲಿ ಇದೇ ದೊಡೊಮಾ ಮತ್ತು ಪಕ್ಕದ ಮನ್ಯಾರಾದಲ್ಲಿ ಬೂಷ್ಟಿನ ಅಫ್ಲಾಟಾಕ್ಸಿನ್ ವಿಷವಿದ್ದ ಮೆಕ್ಕೆಜೋಳ ತಿಂದು ಜನ ಸತ್ತರು, ಮಕ್ಕಳೂ ಸತ್ತರು. ಎಷ್ಟು ಬೇಯಿಸಿದರೂ ಆ ವಿಷ ಹೋಗದು. ಬೂಷ್ಟು ಕಂಡ, ಬಣ್ಣಗೆಟ್ಟ ಕಾಳನ್ನು ಕೈಯಿಂದ ಆರಿಸಿ ತೆಗೆಸಿ.

ಇನ್ನೊಂದು ಶತ್ರು 'ದುಮುಜಿ' ಎಂಬ ಕೊರೆಹುಳು, ಮಧ್ಯ ಅಮೆರಿಕದಿಂದ ಬಂದು 1970ರ ದಶಕದ ಕೊನೆಗೆ ತಾಂಜಾನಿಯಾದಲ್ಲಿ ನೆಲೆಯೂರಿದ್ದು. ಮಾಮೂಲಿ ಗೋಣಿಚೀಲದಲ್ಲಿಟ್ಟರೆ ಕೆಲವೇ ತಿಂಗಳಲ್ಲಿ ಕಾಳು ಹಿಟ್ಟಾಗುತ್ತದೆ. ಇದಕ್ಕೆ ಮೂರು ಪದರದ ಪಿಕ್ಸ್ ಚೀಲ ಬೇಕು: ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಚೀಲ, ಹೊರಗೆ ನೇಯ್ದದ್ದು. ಒಳಗಿನ ಆಮ್ಲಜನಕ ಮುಗಿದು ಹುಳು ಸಾಯುತ್ತದೆ, ಔಷಧಿ ಬೇಡ. ಕಾಳು ಜರಡಿ ಹಿಡಿದು ತುಂಬಿ (ದಿಂಡಿನ ಚೂರು ಪ್ಲಾಸ್ಟಿಕ್ಕನ್ನು ತೂತು ಮಾಡುತ್ತದೆ), ಗಾಳಿ ಹಿಂಡಿ ತೆಗೆದು, ಪ್ರತಿ ಪದರವನ್ನೂ ಬೇರೆಬೇರೆಯಾಗಿ ತಿರುಚಿ, ಮಡಚಿ, ಕಟ್ಟಬೇಕು. ಚೀಲಗಳು ನೆಲಕ್ಕೂ ಗೋಡೆಗೂ ತಾಗದಂತೆ ಹಲಗೆಯ ಮೇಲಿರಲಿ. ಒಂದು ಸಲಕ್ಕೆ ಒಂದೇ ಚೀಲ ಬಿಚ್ಚಲಿ. ನೂರು ಕಿಲೊ ಚೀಲ ನಾಲ್ಕು ದಿನಕ್ಕೆ ಖಾಲಿಯಾಗುತ್ತದೆ. ಬೀನ್ಸ್ ಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕಿದರೆ ಸೌದೆ ಉಳಿಯುತ್ತದೆ, ಅದನ್ನು ಹೊತ್ತು ತರುವ ಮಕ್ಕಳ ಹೊರೆಯೂ ಇಳಿಯುತ್ತದೆ.

ಊಟ ನೆಲೆಗೊಂಡ ಮೇಲೆ ಭಾಷೆಯ ಕಡೆ ನೋಡಿ. ಅಲ್ಲಿ ಪ್ರಾಥಮಿಕ ಶಾಲೆ ಸ್ವಾಹಿಲಿಯಲ್ಲಿ. ಫಾರ್ಮ್ 1ಕ್ಕೆ ಕಾಲಿಟ್ಟ ದಿನದಿಂದ ಗಣಿತ, ವಿಜ್ಞಾನ ಎಲ್ಲ ಇಂಗ್ಲಿಷಿನಲ್ಲಿ. ಫಾರ್ಮ್ 2ರ ಕೊನೆಗೆ ರಾಷ್ಟ್ರಮಟ್ಟದ ಪರೀಕ್ಷೆ. ಕನ್ನಡ ಮಾಧ್ಯಮದ ಎಷ್ಟು ಮಕ್ಕಳು ಪಿಯುಸಿ ವಿಜ್ಞಾನದಲ್ಲಿ ಎಡವಿದರೆಂದು ನಿಮಗೆ ಗೊತ್ತೇ ಇದೆ. ಈ ಶಾಲೆಯ ಮಕ್ಕಳು ಫಾರ್ಮ್ 1 ಸೇರಿದ ಮೊದಲ ವರ್ಷ ಸ್ಥಳೀಯ ಶಿಕ್ಷಕರಿಗೆ ವಾರಕ್ಕೆ ನಾಲ್ಕು ಗಂಟೆಯ ಹೆಚ್ಚುವರಿ ಪಾಠಕ್ಕೆ ಸಂಭಾವನೆ ಕೊಡಿ, ಇಬ್ಬರಿಗೊಂದು ಸ್ವಾಹಿಲಿ-ಇಂಗ್ಲಿಷ್ ನಿಘಂಟು ಕೊಡಿಸಿ.

ಹಣ ಕಳಿಸುವಾಗ ಹತ್ತು ಮಂದಿಯೂ ತಮ್ಮತಮ್ಮ ಖಾತೆಯಿಂದ, ಪ್ಯಾನ್ ಕೊಟ್ಟು, ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ಕಳಿಸಿ. ನಿಮ್ಮ ಮೊತ್ತಕ್ಕೆ ಅದರ ಮಿತಿ ಅಡ್ಡ ಬರುವುದಿಲ್ಲ, ಆದರೆ ತೆರಿಗೆ ರಿಯಾಯಿತಿ ಸಿಗದು. ಹಣ ನಿಮ್ಮ ಶಿಷ್ಯನ ಖಾತೆಗೆ ಬೇಡ, ಶಾಲಾ ಸಮಿತಿಯ ಖಾತೆಗೇ ಹೋಗಲಿ. ಶಿಷ್ಯ ತಿಂಗಳಿಗೊಮ್ಮೆ ಹೋಗಿ ಚೀಲ ಎಣಿಸಲಿ, ಹಾಜರಿ ಪುಸ್ತಕದ ಪುಟದ ಫೋಟೋ ಕಳಿಸಲಿ. ಮೊದಲ ಕಂತು ಮೇ ಮುಗಿಯುವುದರೊಳಗೆ ಅಲ್ಲಿ ಮುಟ್ಟಬೇಕು.