ನನಗೆ ಬಂದಿದ್ದು ಯಾವ ತಳಿ ಅಂತ ರಿಪೋರ್ಟಿನಲ್ಲಿ ಯಾಕೆ ಬರೆದಿರಲಿಲ್ಲ?

ಪ್ರಶ್ನೆ: ನನಗೆ ಎರಡು ಸಲ ಕೋವಿಡ್ ಬಂದಿತ್ತು. ಎರಡೂ ಸಲ ರಿಪೋರ್ಟಿನಲ್ಲಿ ‘ಪಾಸಿಟಿವ್’ ಅಂತ ಮಾತ್ರ ಇತ್ತು. ಡೆಲ್ಟಾನೋ ಒಮಿಕ್ರಾನೋ ಗೊತ್ತಾಗಲಿಲ್ಲ. ಹಾಗಾದರೆ ದೇಶದಲ್ಲಿ ಯಾವ ತಳಿ ಹರಡುತ್ತಿದೆ ಅಂತ ಹೇಗೆ ಹೇಳುತ್ತಾರೆ?
– ಓದುಗರು, ಬಸವನಗುಡಿ, ಬೆಂಗಳೂರು

ಉತ್ತರ: ಆರ್‌ಟಿ-ಪಿಸಿಆರ್ ಹುಡುಕುವುದು ವೈರಸ್ಸಿನ ಕೆಲವೇ ತುಣುಕುಗಳನ್ನು. ಸಿಕ್ಕರೆ ಪಾಸಿಟಿವ್, ಅಷ್ಟೇ. ತಳಿ ತಿಳಿಯಲು ಸುಮಾರು 30,000 ಅಕ್ಷರಗಳ ಇಡೀ ಜೀನೋಮ್, ಅಂದರೆ ವೈರಸ್ಸಿನ ಪೂರ್ತಿ ಆನುವಂಶಿಕ ಬರಹ, ಓದಬೇಕು. ಅದಕ್ಕೆ ಸಮಯ ಬೇಕು, ಖರ್ಚೂ ಜಾಸ್ತಿ. ಹಾಗಾಗಿ ಕೆಲವು ಮಾದರಿಗಳನ್ನಷ್ಟೇ ಆರಿಸಿ ಓದುತ್ತಾರೆ.

ಓದಿದ ಮೇಲೆ ನಡೆಯುವ ಕೆಲಸ ನನಗೆ ತುಂಬಾ ಇಷ್ಟ. ಹಳೆಯ ಓಲೆಗರಿಗಳನ್ನು ನೆನೆಸಿಕೊಳ್ಳಿ. ನಕಲು ಮಾಡುವಾಗ ಒಬ್ಬ ಒಂದಕ್ಷರ ತಪ್ಪಿದರೆ, ಅವನ ಪ್ರತಿ ನೋಡಿ ಬರೆದವರೆಲ್ಲರಲ್ಲೂ ಅದೇ ತಪ್ಪು ಉಳಿಯುತ್ತದೆ, ಅಲ್ವಾ? ತಪ್ಪುಗಳನ್ನು ಹೋಲಿಸಿದರೆ ಯಾವ ಪ್ರತಿ ಯಾವುದರಿಂದ ಬಂತು ಅಂತ ತಿಳಿಯುತ್ತದೆ. ವೈರಸ್ಸಿನದೂ ಇದೇ ಕಥೆ. ಕೊರೊನಾದ ಒಂದು ವಂಶದಲ್ಲಿ ತಿಂಗಳಿಗೆ ಸುಮಾರು ಎರಡು ಅಕ್ಷರ ಬದಲಾಗುತ್ತವೆ.

ಆದರೆ ಒಂದೇ ತಪ್ಪನ್ನು ನಂಬುವ ಹಾಗಿಲ್ಲ. ಡೆಲ್ಟಾದ ಮೈಮೇಲಿನ ಮುಳ್ಳಿನಂಥ ಸ್ಪೈಕ್ ಪ್ರೋಟೀನಿನ 452ನೇ ಜಾಗದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ (ಪ್ರೋಟೀನಿನ ಒಂದು ಇಟ್ಟಿಗೆ) ಹೋಗಿ ಆರ್ಜಿನಿನ್ ಎಂಬ ಇನ್ನೊಂದು ಬಂದಿತ್ತು. ಕ್ಯಾಲಿಫೋರ್ನಿಯಾದ ಎಪ್ಸಿಲಾನ್ ತಳಿಯಲ್ಲೂ ಅದೇ ಬದಲಾವಣೆ ಇತ್ತು. ಎರಡಕ್ಕೂ ಹತ್ತಿರದ ನಂಟಿಲ್ಲ. ಅದಕ್ಕೇ ಎಲ್ಲ ಬದಲಾವಣೆಗಳನ್ನೂ ಒಟ್ಟಿಗೆ ಇಟ್ಟು ವಂಶವೃಕ್ಷ ಬಿಡಿಸುತ್ತಾರೆ.

ಈ ಕೆಲಸಕ್ಕೆಂದೇ 2020ರ ಡಿಸೆಂಬರ್‌ನಲ್ಲಿ ಇನ್ಸಾಕಾಗ್ ಎಂಬ ಪ್ರಯೋಗಾಲಯಗಳ ಒಕ್ಕೂಟ ಶುರುವಾಯಿತು. ಮೊದಲ ಹತ್ತರಲ್ಲಿ ನಮ್ಮ ನಿಮ್ಹಾನ್ಸ್ ಕೂಡ ಇತ್ತು.

ಮಾದರಿ ಇಟ್ಟ ಟ್ಯೂಬಿನ ಮೇಲಿನ ಚೀಟಿಯನ್ನು ಮಾತ್ರ ಹಗುರವಾಗಿ ನೋಡಬೇಡಿ. ಊರು, ತಾರೀಖು, ಪ್ರಯಾಣದ ವಿವರ ಇಲ್ಲದಿದ್ದರೆ ಆ 30,000 ಅಕ್ಷರ ಓದಿಯೂ ಅರ್ಧ ಕೆಲಸ ಆದಂತೆ. 2021ರ ಡಿಸೆಂಬರ್ 2ರಂದು ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಪ್ರಕಟವಾದವು. ಎರಡೂ ಬೆಂಗಳೂರಿನವು. ಅವರಲ್ಲಿ ಒಬ್ಬರು ವಿದೇಶಕ್ಕೆ ಹೋಗಿರಲೇ ಇಲ್ಲ. ಅಂದರೆ ವೈರಸ್ ಆಗಲೇ ಊರೊಳಗೆ ಓಡಾಡುತ್ತಿತ್ತು! ಬರೀ ವಿಮಾನ ನಿಲ್ದಾಣದ ಮಾದರಿಗಳನ್ನೇ ಓದಿದ್ದರೆ ಇದು ತಿಳಿಯುತ್ತಿರಲಿಲ್ಲ.

ಟೆಸ್ಟ್ ಮಾಡಿಸದವರ ಲೆಕ್ಕ? ಅದಕ್ಕೆ ಚರಂಡಿ ನೀರೇ ದಾರಿ. ಹಲವು ಸೋಂಕಿತರ ಮಲದಲ್ಲೂ ವೈರಸ್ಸಿನ ತುಣುಕು ಇರುತ್ತದೆ. ಬೆಂಗಳೂರಿನ ಕೊಳಚೆ ನೀರಿನ ಘಟಕಗಳಿಂದ ಮಾದರಿ ತಂದು ತಳಿಗಳನ್ನು ಗುರುತಿಸಿದ್ದಾರೆ. ಯಾರ ಹೆಸರೂ ಬೇಕಾಗುವುದಿಲ್ಲ.

ಮುಂದೆ ಜ್ವರ ಬಂದು ಲ್ಯಾಬಿಗೆ ಹೋದರೆ ಈಗಿರುವ ವಿಳಾಸವನ್ನೇ ಕೊಡಿ, ಆಧಾರ್‌ನಲ್ಲಿರುವ ಹಳೇ ಊರಿನದಲ್ಲ. ಇತ್ತೀಚೆಗೆ ಎಲ್ಲಿಗಾದರೂ ಹೋಗಿದ್ದರೆ ಅದನ್ನೂ ಹೇಳಿ.